ಆರು ರನ್ನು

ಕಡೂರು, ತರೀಕೆರೆಗಳಲ್ಲಿ ನನ್ನ ಬಳಿ ಗಣಿತ ಕಲಿತವರಿಗೆ ನನ್ನ ಕ್ರಿಕೆಟ್ ಹುಚ್ಚನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಸರಾಸರಿಯ ಪಾಠಕ್ಕೆ ಪಠ್ಯಪುಸ್ತಕದಲ್ಲಿದ್ದ ಅಕ್ಕಿ ಮೂಟೆಗಳ ಲೆಕ್ಕವನ್ನು ಬದಿಗಿರಿಸಿ ವಿಶ್ವನಾಥ್ ಅವರ ರನ್ನುಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದುದು ಹಲವರಿಗೆ ನೆನಪಿರಬಹುದು. ಆದರೆ ನಾನು ಆಟವನ್ನು ಕಣ್ಣಾರೆ ನೋಡಿದ್ದು ಬಹಳ ಕಡಿಮೆ. ನನ್ನ ಪಾಲಿಗೆ ಬಂದದ್ದು ಹೆಚ್ಚಾಗಿ ಕಾಯುವ ಕೆಲಸವೇ. ಅದರಲ್ಲೂ ಎದುರಾಳಿ ಮುಂಬಯಿ ಎಂದರೆ, ಪಂದ್ಯಕ್ಕೆ ಒಂದು ವಾರ ಮೊದಲೇ ಹೊಟ್ಟೆಯಲ್ಲಿ ಒಂದು ಬಗೆಯ ತಳಮಳ ಶುರುವಾಗುತ್ತಿತ್ತು.

ಈ ತಳಮಳಕ್ಕೆ ಕಾರಣ ನನ್ನ ಚಿಕ್ಕ ಸೋದರಮಾವ. ಅಜ್ಜಂಪುರದ ನಮ್ಮ ಅಜ್ಜನ ಮನೆಯಿಂದ ಹೊರಟು ಬೊಂಬಾಯಿ ಸೇರಿ, ಅಲ್ಲಿನ ಒಂದು ಬಟ್ಟೆ ಗಿರಣಿಯ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಹೋದ ಎರಡೇ ವರ್ಷಕ್ಕೆ ಅವರು ಕ್ರಿಕೆಟ್ಟಿನ ಮಟ್ಟಿಗೆ ಪೂರ್ತಿ ಬೊಂಬಾಯಿಯವರಾಗಿಬಿಟ್ಟಿದ್ದರು. ರಜೆಗೆ ಬಂದಾಗಲೆಲ್ಲ ಜಗಲಿಯ ಮೇಲೆ ಕುಳಿತು, "ನಿಮ್ಮ ಮೈಸೂರು ತಂಡ ಎರಡು ಸಲ ಫೈನಲ್ಲಿನಲ್ಲಿ ನಮ್ಮ ಕೈಲಿ ತಿಂದಿದೆ ಕಣೇ ಪುಟ್ಟಿ, 1941-42ರಲ್ಲಿ ಒಮ್ಮೆ, 1959-60ರಲ್ಲಿ ಒಮ್ಮೆ" ಎಂದು ನನ್ನನ್ನು ಕೆಣಕುತ್ತಿದ್ದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲವಾದ್ದರಿಂದ ಇನ್ನಷ್ಟು ಸಿಟ್ಟು ಬರುತ್ತಿತ್ತು. 1958-59ರಿಂದ 1972-73ರವರೆಗೆ, ಒಂದಲ್ಲ ಎರಡಲ್ಲ, ಸಾಲಾಗಿ 15 ವರ್ಷ ರಣಜಿ ಟ್ರೋಫಿ ಬೊಂಬಾಯಿಯಲ್ಲೇ ಇತ್ತು. ಅಂದರೆ ನಾನು ಹುಟ್ಟಿ ಬುದ್ಧಿ ತಿಳಿದಾಗಿನಿಂದ ಬೇರೆ ಯಾರೂ ಗೆದ್ದದ್ದೇ ಇಲ್ಲ.

1973ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಹೊಸ ಹೆಸರಿನ ಆ ಮೊದಲ ವರ್ಷದಲ್ಲೇ, 1974ರಲ್ಲಿ, ಬೆಂಗಳೂರಿನಲ್ಲಿ ಬೊಂಬಾಯಿಯೊಡನೆ ಸೆಮಿಫೈನಲ್ ಬಿತ್ತು. ನಾನಾಗ ಹತ್ತನೆಯ ತರಗತಿ. ಮಾವನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು: ಬೊಂಬಾಯಿ ಸೋತರೆ ಮಾಹಿಂ ಹಲ್ವ ಕಳಿಸುತ್ತೇನೆ, ಗೆದ್ದರೆ ನೀನು ಕಡೂರು ಕಡೆಯ ಒಳ್ಳೆಯ ಕೊಬ್ಬರಿ ಕಳಿಸಬೇಕು. ನನ್ನ ಕೈಯಲ್ಲಿ ಕೊಬ್ಬರಿ ಕೊಳ್ಳಲು ಕಾಸೆಲ್ಲಿತ್ತು? ಆದರೂ ಒಪ್ಪಿಕೊಂಡೆ.

ಒಪ್ಪಿಕೊಳ್ಳಲು ಧೈರ್ಯ ಕೊಟ್ಟವರು ವಿಶ್ವನಾಥ್. ಅವರು ಹುಟ್ಟಿದ್ದು ಭದ್ರಾವತಿಯಲ್ಲಿ. ಬೀರೂರಿನಿಂದ ಶಿವಮೊಗ್ಗದ ರೈಲು ಹತ್ತಿದರೆ ತರೀಕೆರೆ ದಾಟಿದ ಮೇಲೆ ಭದ್ರಾವತಿ ಬರುತ್ತದೆಯಾದ್ದರಿಂದ, ನಮ್ಮ ಲೆಕ್ಕದಲ್ಲಿ ಅವರು ನಮ್ಮ ರೈಲು ದಾರಿಯ ಹುಡುಗ, ಹೆಚ್ಚುಕಡಿಮೆ ನಮ್ಮವರೇ. ಅಣ್ಣ ಪೇಟೆಯ ದರ್ಜಿ ಅಂಗಡಿಯ ರೇಡಿಯೋ ಮುಂದೆ ನಿಂತು ಕೇಳಿಕೊಂಡು ಬರುತ್ತಿದ್ದ. ಹೆಣ್ಣುಮಗಳಾದ ನಾನು ಅಲ್ಲಿ ನಿಲ್ಲುವಂತಿರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಅವನ ದಾರಿ ಕಾಯುವುದು, ಸಂಜೆ ಮನೆಯ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಕೇಳುವುದು, ಮರುದಿನ ಪತ್ರಿಕೆಯಲ್ಲಿ ಅಂಕಿಗಳನ್ನು ತಾಳೆ ನೋಡಿ ಲೆಕ್ಕದ ಪುಸ್ತಕದ ಕೊನೆಯ ಪುಟಕ್ಕೆ ಇಳಿಸಿಕೊಳ್ಳುವುದು, ಇಷ್ಟೇ ನನ್ನ ಕ್ರಿಕೆಟ್. ಪರೀಕ್ಷೆ ಹತ್ತಿರವಿದ್ದುದರಿಂದ ಅಪ್ಪನಿಗೆ ನಾನು ಲೆಕ್ಕದ ಪುಸ್ತಕ ಬಿಡದಿರುವುದು ಕಂಡು ಸಂತೋಷವಾಗಿತ್ತು.

ಕರ್ನಾಟಕ 385. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುಂದಿರುವವರೇ ಗೆದ್ದಂತೆ ಎಂಬುದು ರಣಜಿಯ ನಿಯಮ. ಹಾಗಾಗಿ ಎಲ್ಲವೂ ಬೊಂಬಾಯಿ ಆ 385ನ್ನು ದಾಟುತ್ತದೆಯೇ ಎಂಬುದರ ಮೇಲೆ ನಿಂತಿತ್ತು. ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದರು. ನೆಲೆನಿಂತಿದ್ದ ನಾಯಕ ವಾಡೇಕರ್ ಓಡುವಾಗ ಜಾರಿ ರನೌಟ್ ಆದರು. 307ಕ್ಕೆ ಬೊಂಬಾಯಿ ಮುಗಿಯಿತು. ಅಣ್ಣ ಬೀದಿಯ ತಿರುವಿನಿಂದಲೇ ಎರಡೂ ಕೈ ಮೇಲೆತ್ತಿಕೊಂಡು ಓಡಿ ಬಂದ. ನಮ್ಮ ತಂಡ ಮುಂದೆ ಜೈಪುರದ ಫೈನಲ್ಲಿನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಮೊದಲ ಬಾರಿಗೆ ಟ್ರೋಫಿ ತಂದಿತು. ಆದರೆ ನನ್ನ ಪಾಲಿಗೆ ಫೈನಲ್ ಬೆಂಗಳೂರಿನಲ್ಲೇ ಮುಗಿದಿತ್ತು. ಹದಿನೈದು ದಿನಗಳ ಮೇಲೆ ಅಂಚೆಯವರು ಹಲ್ವದ ಪೊಟ್ಟಣ ತಂದುಕೊಟ್ಟರು. ಅಷ್ಟು ತೆಳ್ಳಗೆ, ಹಾಳೆಯಂತೆ ಇರುವ ಹಲ್ವವನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಜ್ಜಿ ಅದನ್ನು ಹಪ್ಪಳವೆಂದು ತಿಳಿದು ಎಣ್ಣೆಯ ಬಾಣಲೆ ಒಲೆಗೇರಿಸುವುದರಲ್ಲಿದ್ದರು.

ವಿಶ್ವನಾಥ್ ಮದುವೆಯಾದದ್ದು ಗಾವಸ್ಕರರ ಸಹೋದರಿಯನ್ನು. ಆ ಸುದ್ದಿ ತಿಳಿದಾಗ ಮಾವ, "ನೋಡು, ಕಡೆಗೆ ನೀವೇ ನಮ್ಮ ಮನೆ ಅಳಿಯನಾಗಿ ಬಂದಿರಿ" ಎಂದು ಬರೆದಿದ್ದರು. ಎದುರಾಳಿಗಳೂ ಹೌದು, ಬೀಗರೂ ಹೌದು. ಮಾವನಿಗೂ ನನಗೂ ಈ ಹೋಲಿಕೆ ಬಲು ಇಷ್ಟವಾಗಿತ್ತು.

1982ರ ಜನವರಿಯಲ್ಲಿ ಬೊಂಬಾಯಿಯ ಗಿರಣಿಗಳ ಮುಷ್ಕರ ಶುರುವಾಯಿತು. ಲಕ್ಷಾಂತರ ಜನ ಬೀದಿಗೆ ಬಿದ್ದರು. ಮಾವನ ಗಿರಣಿ ಮತ್ತೆ ಬಾಗಿಲು ತೆರೆಯಲಿಲ್ಲ. ಮರುವರ್ಷ, ವಾಂಖೆಡೆಯ ಫೈನಲ್ಲಿನಲ್ಲಿ ಕರ್ನಾಟಕ ಮೊದಲ ಇನಿಂಗ್ಸ್‌ನ ಅಲ್ಪ ಮುನ್ನಡೆಯಿಂದ ಬೊಂಬಾಯಿಯನ್ನು ಅವರ ಮನೆಯಲ್ಲೇ ಸೋಲಿಸಿತು. ಮಾವನಿಂದ ಒಂದು ಕಾರ್ಡು ಬಂತು. "ಗಿರಣಿಯೂ ಹೋಯಿತು, ರಣಜಿಯೂ ಹೋಯಿತು. ಹಲ್ವ ಬಾಕಿ ಇದೆ." ಅದೇ ಕೊನೆಯ ಕಾಗದ. ಅದಾದ ಕೆಲವು ತಿಂಗಳಿಗೆ ಅವರು ಊರಿಗೆ ಬಂದು ಅಜ್ಜನ ಆಸ್ತಿಯಲ್ಲಿ ತಮ್ಮ ಭಾಗ ಕೇಳಿದರು. ಅಂದು ನಡುಮನೆಯಲ್ಲಿ ದೊಡ್ಡ ಮಾವನಿಗೂ ಅವರಿಗೂ ಏನು ಮಾತಾಯಿತೆಂಬುದು ನಮ್ಮ ಬಂಧುಗಳಲ್ಲಿ ಗೊತ್ತಿದ್ದವರಿಗೆ ಗೊತ್ತಿದೆ. ಗೊತ್ತಿಲ್ಲದ ಕಿರಿಯರಿಗೆ ಈಗ ತಿಳಿಸುವ ಅಗತ್ಯ ನನಗೆ ಕಾಣುವುದಿಲ್ಲ. ರಾತ್ರಿಯ ರೈಲಿಗೆ ಹೊರಟವರು ಮತ್ತೆ ಅಜ್ಜಂಪುರಕ್ಕೆ ಕಾಲಿಡಲಿಲ್ಲ, ನನ್ನ ತಾಯಿ ತೀರಿಕೊಂಡಾಗಲೂ.

ಇಪ್ಪತ್ತಾರು ವರ್ಷ ಹೀಗೆ ಕಳೆಯಿತು. 2010ರ ಜನವರಿಯ ಮೊದಲ ವಾರ ಪತ್ರಿಕೆ ತೆರೆದರೆ, ರಣಜಿ ಫೈನಲ್: ಕರ್ನಾಟಕ ಮತ್ತು ಮುಂಬಯಿ, ಸ್ಥಳ ಮೈಸೂರು ವಿಶ್ವವಿದ್ಯಾನಿಲಯದ ಗಂಗೋತ್ರಿ ಗ್ಲೇಡ್ಸ್, 11ರ ಸೋಮವಾರದಿಂದ. ನಾವು ಟ್ರೋಫಿ ಗೆದ್ದು 11 ವರ್ಷವಾಗಿತ್ತು. ಅಷ್ಟರಲ್ಲಿ ಅವರ ಲೆಕ್ಕದಲ್ಲಿ 38 ಗೆಲುವು, ನಮ್ಮ ಲೆಕ್ಕದಲ್ಲಿ 6. ಶಾಲೆಯಲ್ಲಿ ಒಬ್ಬ ಹುಡುಗ ಎದ್ದು ನಿಂತು, "ಲೆಕ್ಕ ಹಾಕಿ ಹೇಳಿ ಮೇಡಂ, ಯಾರು ಗೆಲ್ಲುತ್ತಾರೆ?" ಎಂದು ಕೇಳಿದ. "ಲೆಕ್ಕ ಹಾಕಿದರೆ ಮುಂಬಯಿ. ಅದಕ್ಕೇ ಈ ವಾರ ಲೆಕ್ಕ ಹಾಕುವುದು ಬೇಡ" ಎಂದೆ. ತರಗತಿ ನಕ್ಕಿತು. ಆ ಹುಡುಗ ಈಗ ಬೆಂಗಳೂರಿನಲ್ಲಿ ಎಂಜಿನಿಯರ್. ಇದನ್ನು ಓದಿದರೆ ಗುರುತು ಹಿಡಿಯುತ್ತಾನೆ.

ಅಂದು ಸಂಜೆ ಮಾವನ ಮಗಳಿಂದ ದೂರವಾಣಿ ಸಂಖ್ಯೆ ಪಡೆದು ಡೊಂಬಿವಲಿಗೆ ಕರೆ ಮಾಡಿದೆ. ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡದ್ದೆಲ್ಲ ಮರೆತುಹೋಗಿ, "ಮಾವ, ಹಲ್ವ ಬಾಕಿ ಇದೆ" ಎಂದೆ. ಆ ಕಡೆ ಬಹಳ ಹೊತ್ತು ಸದ್ದಿಲ್ಲ. ಆಮೇಲೆ, "ಮೈಸೂರೇನೇ ಪುಟ್ಟಿ? ನಾನು ಅಜ್ಜಂಪುರಕ್ಕೆ ಬರುವುದಿಲ್ಲ, ಮೈಸೂರಾದರೆ ನೋಡೋಣ" ಎಂದರು. ಎಪ್ಪತ್ತನಾಲ್ಕು ವರ್ಷದವರು, ಎದೆಗೆ ಶಸ್ತ್ರಚಿಕಿತ್ಸೆಯಾಗಿದ್ದವರು. ಬರುತ್ತಾರೆಂದು ನಾನು ನಂಬಲಿಲ್ಲ, ನಂಬದಿರಲೂ ಇಲ್ಲ.

9 ಮತ್ತು 10, ಶನಿವಾರ, ಭಾನುವಾರ. ನನ್ನ ಜೀವನದಲ್ಲಿ ಅಷ್ಟು ಉದ್ದವಾದ ಎರಡು ದಿನಗಳು ಇನ್ನೊಂದಿಲ್ಲ. ಗುರುವಾರ ಸಂಕ್ರಾಂತಿಯಾದ್ದರಿಂದ ಮನೆಯಲ್ಲಿ ಎಳ್ಳಿನ ಕೆಲಸ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ತಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಒಣಗಿಸಿದೆ. ಪಕ್ಕದಲ್ಲಿ ಬೆಲ್ಲದ ಚೂರು, ಹುರಿದ ಕಡಲೆಬೀಜ. ಕಾಗೆ ಕಾಯುತ್ತ ಕುಳಿತವಳ ತಲೆಯಲ್ಲಿ ಮಾತ್ರ ತಂಡದ ಪಟ್ಟಿ. ದ್ರಾವಿಡ್ ಭಾರತ ತಂಡದೊಡನೆ ಬಾಂಗ್ಲಾದೇಶಕ್ಕೆ ಹೋಗಿದ್ದರು. ಉತ್ತಪ್ಪ ನಾಯಕ. ಮನೀಶ್ ಪಾಂಡೆ ಇದ್ದಾನೆ, ವಿನಯ್ ಕುಮಾರ್, ಮಿಥುನ್ ಇದ್ದಾರೆ. ಅವರಲ್ಲಿ ಜಾಫರ್, ಅಗರ್ಕರ್. ಹನ್ನೊಂದು ಹೆಸರುಗಳನ್ನು ಎಷ್ಟು ಸಲ ಜೋಡಿಸಿದರೂ ಮನಸ್ಸು ಕೊನೆಗೆ ಬಂದು ನಿಲ್ಲುತ್ತಿದ್ದುದು, ಮಾವ ರೈಲು ಹತ್ತಿದರೋ ಇಲ್ಲವೋ ಎಂಬಲ್ಲಿಗೆ. ಭಾನುವಾರ ರಾತ್ರಿ ಸಂದೇಶ ಬಂತು: ಹತ್ತಿದ್ದಾರೆ, ಮೈಸೂರಿನಲ್ಲಿ ಮಗಳ ಗೆಳತಿಯ ಮನೆಯಲ್ಲಿ ಇಳಿಯುತ್ತಾರೆ.

ನನಗೆ ಸಿಕ್ಕಿದ್ದು ಬುಧವಾರ ಒಂದು ದಿನದ ರಜೆ, ಗುರುವಾರ ಹಬ್ಬದ್ದು. ಸೋಮವಾರ ಮುಂಬಯಿ 233ಕ್ಕೆ ಆಲೌಟ್ ಎಂದು ಸಹೋದ್ಯೋಗಿಯೊಬ್ಬರು ಚೀಟಿ ಕಳಿಸಿದಾಗ ಹಿಗ್ಗಿದೆ. ಮಂಗಳವಾರ ನಮ್ಮದು 130ಕ್ಕೇ ಮುಗಿಯಿತೆಂದಾಗ ಕುಗ್ಗಿದೆ. ನಾನು ತಲುಪುವಷ್ಟರಲ್ಲಿ ಪಂದ್ಯವೇ ಮುಗಿದುಹೋದರೆ? ತರೀಕೆರೆಯಲ್ಲಿ ರೈಲು ಹತ್ತಿ, ಬೀರೂರು, ಕಡೂರು, ಅರಸೀಕೆರೆ, ಹಾಸನ ದಾಟುವಾಗಲೂ ಅದೇ ಚಿಂತೆ. ಹಬ್ಬದ ದಿನ ಮನೆ ಬಿಟ್ಟು ಹೊರಟವಳ ಬಗ್ಗೆ ವಾರಗಿತ್ತಿಯರು ಏನೆಂದರೆಂಬುದನ್ನು ಅವರೂ ಇದನ್ನು ಓದುತ್ತಾರಾದ್ದರಿಂದ ಬರೆಯುವುದಿಲ್ಲ.

ಬುಧವಾರ ಬೆಳಿಗ್ಗೆ ಮೈದಾನದ ಬಳಿ ಮಾವ ನಿಂತಿದ್ದರು. ತೆಳ್ಳಗಾಗಿದ್ದರು, ಕೈಯಲ್ಲಿ ಕೋಲು. ಆಶೀರ್ವಾದ, ಕ್ಷೇಮಸಮಾಚಾರ ಯಾವುದೂ ಇಲ್ಲದೆ, "ಮಣ್ಣು ಚೆನ್ನಾಗಿದೆ, ಚೆಂಡು ಓಡಾಡುತ್ತಿದೆ" ಎಂದರು. ನನ್ನ ಚೀಲದಲ್ಲಿ ಕೊಬ್ಬರಿ, ಅವರ ಚೀಲದಲ್ಲಿ ಹಲ್ವದ ಡಬ್ಬಿ. ಇಬ್ಬರೂ ಸೋಲಿಗೆ ಸಿದ್ಧರಾಗಿಯೇ ಬಂದಿದ್ದೆವು. ಮೈದಾನದ ಸುತ್ತ ಜಾಗವಿಲ್ಲದೆ ಜನ ಮರಗಳ ಮೇಲೆ ಹತ್ತಿ ಕುಳಿತಿದ್ದರು. ಒಬ್ಬ ವಿದ್ಯಾರ್ಥಿ ಎದ್ದು ಮಾವನಿಗೆ ಜಾಗ ಬಿಟ್ಟುಕೊಟ್ಟ. ಅವರು ಎದುರಾಳಿಯವರೆಂದು ನಾನು ಅವನಿಗೆ ಹೇಳಲಿಲ್ಲ.

ಮುಂದಿನದು ನಿಮಗೆ ಗೊತ್ತೇ ಇದೆ. ಗೆಲ್ಲಲು 338 ಬೇಕಿತ್ತು. ಪಾಂಡೆ 144, ಗಣೇಶ್ ಸತೀಶ್ 75. ಸಂಕ್ರಾಂತಿಯ ದಿನ ಒಂದು ಹಂತದಲ್ಲಿ ಮಾವ ಚೀಲದ ಜಿಪ್ಪು ತೆರೆದು ಹಲ್ವದ ಡಬ್ಬಿಗೆ ಕೈ ಹಾಕಿಯೂ ಬಿಟ್ಟಿದ್ದರು. ಆಗ ಪಾಂಡೆ ಔಟಾದ. ಅಗರ್ಕರ್ ಐದು ವಿಕೆಟ್ ಕಿತ್ತರು. 331ಕ್ಕೆ ನಮ್ಮ ಕೊನೆಯ ವಿಕೆಟ್ ಬಿತ್ತು. ಆರು ರನ್ನಿನ ಸೋಲು. ಅಷ್ಟು ಸಾವಿರ ಜನ ಒಟ್ಟಿಗೆ ಮೌನವಾದದ್ದನ್ನು ನಾನು ಅದೊಂದೇ ಬಾರಿ ಕೇಳಿದ್ದು. ಮಾವ ಚಪ್ಪಾಳೆ ತಟ್ಟಲಿಲ್ಲ. ನಾನು ಕೊಬ್ಬರಿಯ ಚೀಲವನ್ನು ಅವರ ತೊಡೆಯ ಮೇಲಿಟ್ಟೆ. ಅದರ ಜೊತೆಗಿದ್ದ ಎಳ್ಳಿನ ಪೊಟ್ಟಣ ಬಿಚ್ಚಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಅಗಿದು, "ನಾಳೆ ಅಜ್ಜಂಪುರಕ್ಕೆ ಹೋಗುವ ಗಾಡಿ ಎಷ್ಟು ಹೊತ್ತಿಗೆ?" ಎಂದು ಕೇಳಿದರು.

ಮರುದಿನ ಮಧ್ಯಾಹ್ನ ಅಜ್ಜನ ಮನೆಯ ಜಗಲಿಯ ಮೇಲೆ ದೊಡ್ಡ ಮಾವ ಗೋಡೆಗೊರಗಿ ಕುಳಿತಿದ್ದರು. ಎಂಬತ್ತು ದಾಟಿದ್ದವರಿಗೆ ಕಣ್ಣು ಮಂಜಾಗಿತ್ತು. ತಮ್ಮ ಪಕ್ಕದಲ್ಲಿ ಬಂದು ಕುಳಿತದ್ದು ಯಾರೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಒಳಗಿನಿಂದ ನೀರು ತಂದಿಟ್ಟರು. ಭಾಗದ ಮಾತನ್ನು ಯಾರೂ ಎತ್ತಲಿಲ್ಲ.

"ಎಷ್ಟು ರನ್ನಿನಲ್ಲಿ ಗೆದ್ದಿರಂತೆ?" ಎಂದರು ದೊಡ್ಡ ಮಾವ.

"ಆರು."

"ಅಷ್ಟೇನಾ" ಎಂದು ಹೇಳಿ ಅವರು ತಮ್ಮ ಎಲೆಯಡಕೆಯ ತಟ್ಟೆಯನ್ನು ತಮ್ಮನ ಕಡೆಗೆ ಸರಿಸಿದರು.