ದುಕ್ರಾಮಾಸ್ ಜೊತೆ ಯಾವ ವೈನು?

ಮದುವೆ ಊಟಕ್ಕೆ ವೈನ್ ಆರಿಸಿಕೊಡು ಅಂತ ಯಾರಾದ್ರೂ ಕೇಳಿದರೆ ನಾನು ಮೊದಲು ಕೇಳೋದು ಬಜೆಟ್ ಎಷ್ಟು ಅಂತಲ್ಲ, ಊಟಕ್ಕೆ ಏನೇನಿದೆ ಅಂತ. ಬೆಂಗಳೂರಿನ ಹೋಟೆಲೊಂದರ ಬ್ಯಾಂಕ್ವೆಟ್ ವಿಭಾಗದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನು ನಾನು. ಅಲ್ಲಿ ಕಲಿತ ವಿದ್ಯೆ ಅಂದರೆ ಇಷ್ಟೇ... ವೈನು ದುಬಾರಿಯೋ ಅಗ್ಗವೋ ಅನ್ನೋದು ಆಮೇಲಿನ ಮಾತು, ಊಟದ ಜೊತೆ ಜಗಳ ಆಡಬಾರದು.

ಹಾಸ್ಟೆಲಿನಲ್ಲಿ ನನ್ನ ರೂಮ್‌ಮೇಟ್ ಆಗಿದ್ದ ಮಂಗಳೂರಿನ ಗೆಳೆಯನ ಅಕ್ಕನ ಮಗಳ ಮದುವೆ 2024ರ ಮೇ ಮೊದಲ ವಾರದಲ್ಲಿತ್ತು. ಕ್ಯಾಥೊಲಿಕ್ ಮದುವೆ. ಮುನ್ನಾ ದಿನ ರೋಸ್, ಅಂದರೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಮರುದಿನ ಇಗರ್ಜಿ, ಸಂಜೆ ಹಾಲ್‌ನಲ್ಲಿ ಕೇಕು, ಟೋಸ್ಟು, ಊಟ. ಆರುನೂರು ಜನ. "ನೀನೇ ಒಂದು ಲಿಸ್ಟ್ ಮಾಡಿ ಕೊಡು ಮಾರಾಯ, ನಂಗೆ ಇದೆಲ್ಲ ಎಂತ ಗೊತ್ತುಂಟು?" ಅಂದ. "ಕಾನಾ ಊರಿನ ಮದುವೆಯ ಹಾಗೆ ಅರ್ಧದಲ್ಲಿ ವೈನ್ ಮುಗಿಯೂದು ಬೇಡ. ನಮ್ಮಲ್ಲಿ ನೀರನ್ನು ವೈನ್ ಮಾಡುವವರು ಯಾರೂ ಇಲ್ಲ!" ಅಂತ ಬೇರೆ ಸೇರಿಸಿದ. (ಯೋವಾನ್ನನ ಸುವಾರ್ತೆಯ ಆ ಕಥೆಯಲ್ಲಿ ಆರು ಕಲ್ಲಿನ ಬಾನೆಗಳು ತುಂಬಾ ವೈನಾಗುತ್ತದೆ. ಒಂದೊಂದೂ ಸುಮಾರು 80ರಿಂದ 120 ಲೀಟರ್ ಹಿಡಿಯುವಂಥದ್ದು ಅಂತ ಲೆಕ್ಕ. ಬ್ಯಾಂಕ್ವೆಟ್‌ನವನ ಕಣ್ಣಲ್ಲಿ ಅದು ಭಾರೀ ಆರ್ಡರ್!)

ಮೆನು ಬಂತು. ದುಕ್ರಾಮಾಸ್, ಅಂದರೆ ಹಂದಿ ಬಫಾತ್, ಜೊತೆಗೆ ಸನ್ನ. ಕೋಳಿ ಸುಕ್ಕ, ಅಂಜಲ್ ಫ್ರೈ, ಮಟನ್ ಬಿರಿಯಾನಿ, ಸಸ್ಯಾಹಾರಿಗಳಿಗೆ ಕಡಲೆ ಸುಕ್ಕ, ಪಲಾವ್. ಬಫಾತಿನಲ್ಲಿ ಒಣಮೆಣಸು ಧಾರಾಳ, ವಿನೆಗರ್ ಹುಳಿ ಬೇರೆ, ಮೇಲೆ ಕೊಬ್ಬು. ಇಂಥ ಊಟಕ್ಕೆ ಎಲ್ಲರೂ ಮೊದಲು ಹೇಳೋದು "ರೆಡ್ ಮೀಟು, ರೆಡ್ ವೈನು" ಅಂತ. ಪುಸ್ತಕದಲ್ಲಿ ಹಾಗೇ ಇರುತ್ತೆ. ಆದರೆ ಆ ಪುಸ್ತಕ ಬರೆದವರ ಮಾಂಸದಲ್ಲಿ ಬ್ಯಾಡಗಿ ಮೆಣಸು ಇರಲಿಲ್ಲವಲ್ಲ!

ಗೇರುಹಣ್ಣು ಕಚ್ಚಿದಾಗ ನಾಲಿಗೆ ಎಳೆದುಕೊಳ್ಳುತ್ತದಲ್ಲ, ಆ ಒಗರೇ ಕೆಂಪು ವೈನಿನ ಟ್ಯಾನಿನ್. ಖಾರದ ಬಾಯಿಗೆ ಒಗರು ಬಿದ್ದರೆ ಖಾರ ಇನ್ನೂ ಉರಿಯುತ್ತದೆ, ವೈನೂ ಕಹಿ ಅನ್ನಿಸುತ್ತದೆ. ಆಲ್ಕೊಹಾಲ್ ಜಾಸ್ತಿ ಇದ್ದರಂತೂ ಬೆಂಕಿಗೆ ತುಪ್ಪ. ಖಾರಕ್ಕೆ ಬೇಕಾಗೋದು ಸ್ವಲ್ಪ ಸಿಹಿ, ಒಳ್ಳೆಯ ಹುಳಿ, ತಣ್ಣಗಿರೋದು. ಊಟದಲ್ಲೇ ವಿನೆಗರ್ ಇರುವಾಗ ವೈನಿನಲ್ಲಿ ಹುಳಿ ಇಲ್ಲದಿದ್ದರೆ ಅದು ಸಪ್ಪೆ ನೀರಿನ ಹಾಗಾಗಿಬಿಡುತ್ತೆ. ಹಾಗಾಗಿ ನನ್ನ ಓಟು ಶೆನಾಂ ಬ್ಲಾಂಗೆ. ನಾಸಿಕದಲ್ಲಿ ಈ ದ್ರಾಕ್ಷಿ ಚೆನ್ನಾಗಿ ಬರುತ್ತದೆ, ಸುಲಾದವರದ್ದು ತುಸು ಸಿಹಿಯಾಗೇ ಇರುತ್ತದೆ. "ಕೆಂಪಗಿದ್ದರೇ ವೈನು" ಅನ್ನುವ ಹಿರಿಯರಿಗೆ ಅಂತ ನಂದಿಬೆಟ್ಟದ ತಪ್ಪಲಿನ ಶಿರಾಜ್. ದೊಡ್ಡಬಳ್ಳಾಪುರದ ಹತ್ತಿರ 1988ರಲ್ಲಿ ಗ್ರೋವರ್ ಕುಟುಂಬ ತೋಟ ಶುರು ಮಾಡಿದ ಮೇಲೇ ನಮ್ಮ ಕಡೆ ವೈನ್ ದ್ರಾಕ್ಷಿ ಅನ್ನುವ ಮಾತು ಬಂದದ್ದು. ಕೆಂಪು ವೈನನ್ನು ರೂಮಿನ ಉಷ್ಣಾಂಶದಲ್ಲಿ ಕೊಡಬೇಕು ಅಂತಾರಲ್ಲ, ಅದು ಯುರೋಪಿನ ರೂಮು ಕಣ್ರೀ, 16-18 ಡಿಗ್ರಿ. ಮಂಗಳೂರಿನ ಮೇ ತಿಂಗಳ ರೂಮಲ್ಲ. ಅದನ್ನೂ ಅರ್ಧ ಗಂಟೆ ಐಸಿನಲ್ಲಿಡಿ ಅಂತ ಬರೆದುಕೊಟ್ಟೆ.

ಇನ್ನು ಲೆಕ್ಕ. 750 ಮಿಲಿಯ ಬಾಟಲಿಯಲ್ಲಿ ಊಟದ ಗ್ಲಾಸು ಐದು. ವೈನ್ ಕುಡಿಯುವವರು 150 ಜನ, ತಲಾ ಎರಡು ಗ್ಲಾಸು, ಅಂದರೆ 60 ಬಾಟಲಿ: 40 ಬಿಳಿ, 20 ಕೆಂಪು. ಉಳಿದವರಿಗೆ ಬಿಯರು, ವಿಸ್ಕಿ ಬೇರೆ ಕೌಂಟರಿನಲ್ಲಿ. ಕೇಕಿನ ಜೊತೆ ಎಲ್ಲರಿಗೂ ಹಂಚುವ ಪುಟ್ಟ ಕಪ್ಪಿನ ವೈನು 50 ಮಿಲಿಯಂತೆ 450 ಜನಕ್ಕೆ 30 ಬಾಟಲಿ. ಇದಕ್ಕೆ ಸಿಹಿ ಕೆಂಪು ವೈನೇ ಆಗಬೇಕು, ನಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯದ್ದು. ವೈನ್ ಪಂಡಿತರು ಇದನ್ನು ಕಂಡರೆ ಮೂಗು ಮುರೀತಾರೆ. ಮುರಿಯಲಿ ಬಿಡಿ. ಸಿಹಿ ಕೇಕಿನ ಜೊತೆ ಸಿಹಿ ಇಲ್ಲದ ವೈನ್ ಕೊಟ್ಟು ಅಜ್ಜಿಯಂದಿರ ಮುಖ ಹುಳಿ ಮಾಡುವುದಕ್ಕಿಂತ ಇದು ಎಷ್ಟೋ ವಾಸಿ.

ಟೋಸ್ಟಿಗೆ ನೊರೆ ವೈನು. ಇಲ್ಲೇ ತಕರಾರು ಶುರುವಾದದ್ದು. ಗಂಡಿನ ಕಡೆಯವರು ಮುಂಬಯಿಯವರು, "ಶಾಂಪೇನೇ ಆಗಬೇಕು" ಅಂದರು. ಶಾಂಪೇನ್ ಅನ್ನೋದು ಫ್ರಾನ್ಸಿನ ಒಂದು ಸೀಮೆಯ ಹೆಸರು, ಅಲ್ಲಿಂದ ಬಂದದ್ದಕ್ಕೆ ಮಾತ್ರ ಆ ಹೆಸರು. ಆಗ ಫ್ರಾನ್ಸಿನ ವೈನಿಗೆ ಆಮದು ಸುಂಕವೇ ಶೇಕಡ 150 ಇತ್ತು. ಅದೇ ಕ್ರಮದಲ್ಲಿ, ಅಂದರೆ ಬಾಟಲಿಯೊಳಗೇ ಎರಡನೇ ಸಲ ಹುದುಗಿಸಿ, ನಾಸಿಕದಲ್ಲೂ ಮಾಡುತ್ತಾರೆ. ಸ್ಪೇನಿನ ಕಾವಾ ಕೂಡ ಹಾಗೇ. ಇಟಲಿಯ ಪ್ರೊಸೆಕ್ಕೊ ಮಾತ್ರ ಸಾಮಾನ್ಯವಾಗಿ ದೊಡ್ಡ ಉಕ್ಕಿನ ಟ್ಯಾಂಕಿನಲ್ಲಿ ನೊರೆ ಕಟ್ಟುತ್ತದೆ. ನೂರು ಮಿಲಿ ಟೋಸ್ಟಿಗೆ, ಅದೂ ಭಾಷಣ ಮುಗಿಯುವ ತನಕ ಕೈಯಲ್ಲಿ ಹಿಡಿದು ಬೆಚ್ಚಗಾದ ಮೇಲೆ, ಯಾವುದು ಎಲ್ಲಿಯದು ಅಂತ ಹೇಳಬಲ್ಲವರು ಆ ಹಾಲ್‌ನಲ್ಲಿ ಯಾರೂ ಇರಲಾರರು. ನಾನೂ ಸೇರಿ. ನಾಸಿಕದ್ದೇ ಸಾಕು ಅಂತ ಒಪ್ಪಿಸಿದ್ದಾಯ್ತು. ಮುಖ್ಯ ಕುಟುಂಬಗಳ 80 ಜನಕ್ಕೆ 12 ಬಾಟಲಿ.

ಅಂದಹಾಗೆ ಲೇಬಲ್ಲಿನ ಒಂದು ವಿಚಿತ್ರ ಹೇಳಿಬಿಡ್ತೀನಿ. 'ಬ್ರೂಟ್' ಅಂದರೆ ಲೀಟರಿಗೆ 12 ಗ್ರಾಮಿಗಿಂತ ಕಡಿಮೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಅಂದರೆ ಇನ್ನೂ ಒಣ ಅಂತ ಅಂದ್ಕೊಂಡ್ರಾ? ಅಲ್ಲ! ಅದರಲ್ಲಿ 12ರಿಂದ 17 ಗ್ರಾಮ್. ಬರೀ 'ಡ್ರೈ' ಅಂತಿದ್ದರೆ 17ರಿಂದ 32. ನಿಜವಾಗಿ ಸಿಹಿ ಬೇಕಿದ್ದರೆ 'ಡೆಮಿ ಸೆಕ್' ಅಂತ ಹುಡುಕಬೇಕು. ಇದನ್ನು ಯಾವ ಪುಣ್ಯಾತ್ಮ ಹೀಗೆ ಮಾಡಿಟ್ಟನೋ :)

ಇಷ್ಟಾದ ಮೇಲೆ ಮದುಮಗಳ ಫೋನು. "ಅಂಕಲ್, ಪಿಂಕ್ ಕಲರಿನದ್ದು ಸಿಗ್ತದಲ್ಲ? ಸ್ಟೇಜಿನ ಹೂವೆಲ್ಲ ಪಿಂಕು. ಫೋಟೊಕ್ಕೆ ಚೆಂದ ಕಾಣ್ತದೆ." ರೋಸೇ ಸಿಗುತ್ತದೆ, ತೊಂದರೆಯೇನೂ ಇಲ್ಲ ಅಂದೆ. ಪಟ್ಟಿ ತಿದ್ದಿದೆ ಕೂಡ.

ಮಾರನೇ ವಾರ ಲೆಕ್ಕ ಒಪ್ಪಿಸೋಕೆ ಊರಿಗೆ ಹೋದಾಗ ಗೆಳೆಯನ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದರು, "ವೈನೇ ಬೇಡ ಅಂತ ನೀವಾದ್ರೂ ಹೇಳಿ. ನಾನು ಹೇಳಿದ್ರೆ ಅವರು ಕೇಳೂದಿಲ್ಲ." ಅವರು ಅಂದರೆ ಬಾವ, ಮದುಮಗಳ ಅಪ್ಪ. ಬಾವ ಕುಡಿತ ಬಿಟ್ಟವರು. ಬಿಡುವ ಮೊದಲಿನ ವರ್ಷಗಳನ್ನು ಇಲ್ಲಿ ಬರೆಯೋದಿಲ್ಲ, ಆ ಮನೆಯವರಿಗೆ ಗೊತ್ತಿದ್ದರೆ ಸಾಕು. (ಉಳಿದದ್ದನ್ನು ಬಾವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ಜಗಲಿಯಲ್ಲಿ ಕೂತಿದ್ದ ಬಾವನಿಗೆ ಒಳಗಿನ ಮಾತು ಕೇಳಿಸಿತ್ತೋ ಏನೋ, ನಾನು ಹೊರಗೆ ಬಂದಾಗ ಅವರೇ ಶುರು ಮಾಡಿದರು.

"ವೈನ್ ಇರ್ಲಿ. ನನ್ನಿಂದಾಗಿ ಇಲ್ಲ ಅಂತ ಆದ್ರೆ ಆರುನೂರು ಜನ ನನ್ನನ್ನೇ ನೋಡ್ತಾರೆ. ಮಗಳನ್ನು ನೋಡ್ಬೇಕು ಅವರು, ನನ್ನನ್ನಲ್ಲ. ನಂಗೆ ವೈನಿನ ಹೆದರಿಕೆ ಇಲ್ಲ, ಖಾಲಿ ಕೈಯ ಹೆದರಿಕೆ. ಕೈ ಖಾಲಿ ಕಂಡ್ರೆ ಯಾರಾದ್ರೂ ಒಬ್ಬ ಗ್ಲಾಸ್ ತಂದು ಇಡ್ತಾನೆ. ಮಗಳ ಮದುವೆ, ಒಂದೇ ಗುಟುಕು ಅಂತಾನೆ. ಆರು ವರ್ಷ ಏಳು ತಿಂಗಳು ಆಯ್ತು. ಆ ಒಂದು ಗುಟುಕು ಎಂತದ್ದು ಅಂತ ಅವನಿಗೆ ಗೊತ್ತಿಲ್ಲ."

ಒಂಬತ್ತು ವರ್ಷದಲ್ಲಿ ಎಷ್ಟು ಮದುವೆಗಳಿಗೆ ಪಟ್ಟಿ ಮಾಡಿದ್ದೇನೋ, ಈ ಖಾಲಿ ಕೈಯ ಮಾತನ್ನು ಯಾರೂ ಹೇಳಿರಲಿಲ್ಲ. ಆಲ್ಕೊಹಾಲ್ ತೆಗೆದ ನೊರೆ ವೈನ್ ಸಿಗುತ್ತದೆ, ತರಿಸಲಾ ಅಂದೆ. ಅಂಥದ್ದರಲ್ಲೂ ಶೇಕಡ 0.5ರ ತನಕ ಉಳಿದಿರಬಹುದು ಅನ್ನೋದನ್ನೂ ಹೇಳಿದೆ. ಅವರು ತಲೆ ಅಲ್ಲಾಡಿಸಿದರು. "ಅಷ್ಟು ಇಷ್ಟು ಅಂತ ಅಲ್ಲ. ಆ ವಾಸನೆ, ಆ ಬಾಟಲಿ, ಆ ಗ್ಲಾಸು... ಬೇಡ."

ಪರಿಹಾರ ಕೊಟ್ಟದ್ದು ಅಕ್ಕ. ಪುನರ್ಪುಳಿ! ಒಣಗಿಸಿದ ಸಿಪ್ಪೆ ನೆನೆಹಾಕಿ, ಸಕ್ಕರೆ, ಚೂರು ಜೀರಿಗೆ, ಕೊನೆಗೆ ಸೋಡಾ. ಕೆಂಪಗೆ, ನೊರೆ ನೊರೆಯಾಗಿ, ಎತ್ತಿ ಹಿಡಿದರೆ ಯಾವ ವೈನಿಗೂ ಕಮ್ಮಿಯಿಲ್ಲ. ಎಲ್ಲರಿಗೂ ಖುಷಿ. ನನಗೆ ಮಾತ್ರ ಆ ಕ್ಷಣ ರೋಸೇ ನೆನಪಾಯ್ತು. ಒಂದೇ ಬಣ್ಣ, ಒಂದೇ ಥರ ಗುಳ್ಳೆ, ಒಂದೇ ಟ್ರೇ, ಗಡಿಬಿಡಿಯಲ್ಲಿ ಓಡಾಡುವ ಹತ್ತು ಹುಡುಗರು... ಯಾವ ಗ್ಲಾಸು ಯಾರ ಕೈಗೆ ಹೋಗುತ್ತದೆ ಅಂತ ದೇವರಿಗೂ ಹೇಳೋಕಾಗಲ್ಲ. ಬ್ಯಾಂಕ್ವೆಟ್‌ನಲ್ಲಿ ಗ್ಲಾಸು ಅದಲುಬದಲಾಗೋದು ದಿನಾ ನಡೆಯುವ ಸಂಗತಿ. ಸಕ್ಕರೆ ಕಾಯಿಲೆಯವರಿಗೆ ಸಿಹಿ ಜ್ಯೂಸು ಹೋಗುತ್ತದೆ, ಯಾರಿಗೂ ಗೊತ್ತೂ ಆಗಲ್ಲ. ಇಲ್ಲಿ ಹಾಗಾಗಕೂಡದು.

ಮದುಮಗಳನ್ನು ಕರೆದು ನೇರವಾಗಿ ಹೇಳಿದೆ, ಪಿಂಕ್ ಬೇಡ ಮಗಾ, ಕಾರಣ ಇಂಥದ್ದು. ಅವಳು ಒಂದು ಸಲ ಜಗಲಿ ಕಡೆ ನೋಡಿ, "ಬಿಳಿಯೇ ಇರ್ಲಿ ಅಂಕಲ್" ಅಂದಳು. ಅಷ್ಟೇ. ಹೂವಿನ ವಿಷಯ ಎತ್ತಲೇ ಇಲ್ಲ. ಆಮೇಲೆ ಕೇಕು ನೆನಪಿಸಿದವಳೂ ಅವಳೇ. ಮದುವೆ ಕೇಕಿನ ಹಣ್ಣೆಲ್ಲ ತಿಂಗಳುಗಟ್ಟಲೆ ರಮ್ಮಿನಲ್ಲಿ ನೆಂದಿರುತ್ತದೆ, ಬೇಯಿಸಿದ ಮೇಲೂ ಮತ್ತೆ ರಮ್ಮು ಚಿಮುಕಿಸುತ್ತಾರೆ. ಮದುಮಕ್ಕಳು ಮೊದಲ ತುಂಡನ್ನು ಅಪ್ಪ ಅಮ್ಮನ ಬಾಯಿಗೇ ಇಡೋದು! ಮೇಲಿನ ಅಂತಸ್ತಿನ ಹಣ್ಣನ್ನು ಕಿತ್ತಳೆ ರಸದಲ್ಲಿ ನೆನೆಸಿ ಅಂತ ಬೇಕರಿಗೆ ಹೇಳಿಸಿದೆವು.

ಉಳಿದದ್ದು ಓಡಾಟ. ಹಾಲ್‌ನಲ್ಲಿ ಮದ್ಯ ಕೊಡುವುದಕ್ಕೆ ಅಬಕಾರಿ ಇಲಾಖೆಯಿಂದ ಸಿಎಲ್-5 ಅಂತ ಒಂದು ದಿನದ ಲೈಸೆನ್ಸು ಬೇಕು. ಸಾಲದ್ದಕ್ಕೆ ಏಪ್ರಿಲ್ 26ಕ್ಕೆ ದಕ್ಷಿಣ ಕನ್ನಡದಲ್ಲಿ ಲೋಕಸಭೆಗೆ ಮತದಾನ. ಮತದಾನ ಮುಗಿಯುವ ಮುಂಚಿನ 48 ಗಂಟೆ ಅಂಗಡಿಗಳೆಲ್ಲ ಬಂದ್. ನೀತಿಸಂಹಿತೆಯ ಕಾಲ ಬೇರೆ, ಬಿಲ್ಲು ಲೈಸೆನ್ಸು ಎಲ್ಲ ಫೈಲಿನಲ್ಲಿಟ್ಟು ಗೆಳೆಯ ಮಗುವಿನ ಹಾಗೆ ಹೊತ್ತುಕೊಂಡು ತಿರುಗಿದ.

ಮದುವೆ ದಿನ ನನ್ನ ಕೆಲಸ ಐಸು. ಐಸಿಗೆ ನೀರು, ಕಲ್ಲುಪ್ಪು ಸೇರಿಸಿದರೆ ಬಾಟಲಿ ಅರ್ಧ ಗಂಟೆಯೊಳಗೆ ತಣ್ಣಗಾಗುತ್ತದೆ. ಬರೀ ಐಸಿನಲ್ಲಿ ಅಷ್ಟು ಬೇಗ ಆಗೋಲ್ಲ. ನೊರೆ ವೈನು ಬೆಚ್ಚಗಿದ್ದರೆ ಅರ್ಧ ನೆಲಕ್ಕೇ ನೈವೇದ್ಯ. ಒಳಗೆ ಐದಾರು ವಾಯುಭಾರದಷ್ಟು ಒತ್ತಡ, ಕಾರಿನ ಟೈರಿಗಿಂತ ಎರಡು ಪಟ್ಟು ಜಾಸ್ತಿ. ತಂತಿಯನ್ನು ಆರು ಅರ್ಧ ಸುತ್ತು ಬಿಚ್ಚಿ, ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಬೇಕು, ಬಿರಡೆಯನ್ನಲ್ಲ. ನಿಟ್ಟುಸಿರಿನಷ್ಟು ಸದ್ದಾದರೆ ಸರಿಯಾಗಿ ತೆಗೆದ ಹಾಗೆ. ನಿರೂಪಕ ಮಹಾಶಯರಿಗೆ ಢಂ ಅಂತ ಸದ್ದೇ ಬೇಕಾಗಿತ್ತು, ಒಂದು ಬಾಟಲಿ ಅವರ ಪಾಲಿಗೆ ಬಿಟ್ಟೆ.

ಪುನರ್ಪುಳಿಯ ಜಗ್ಗು ಮನೆಯಿಂದಲೇ ಬಂದಿತ್ತು, ಅದಕ್ಕೆ ಬೇರೆಯೇ ಸ್ಟೀಲಿನ ತಟ್ಟೆ. ಹಿಡಿದದ್ದು ಬಾವನ ಚಿಕ್ಕ ಮಗಳು, ಬೇರೆ ಯಾರ ಕೈಗೂ ಕೊಡದೆ. ಟೋಸ್ಟಿಗೆ ಅಂತ ಎಲ್ಲರೂ ಎದ್ದು ನಿಂತಾಗ ಎಂಬತ್ತು ಬಿಳಿ ಗ್ಲಾಸುಗಳ ಮಧ್ಯೆ ಒಂದು ಕೆಂಪು. ದೂರದಿಂದ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅಕ್ಕ ಕೂಡ ಅದನ್ನೇ ನೋಡುತ್ತಿದ್ದರು. ಭಾಷಣ ಮುಗಿದು ಜನ ಚದುರುವಾಗ ಸಂಬಂಧಿಯೊಬ್ಬರು ಎರಡು ಗ್ಲಾಸು ಹಿಡಿದು ಬಾವನ ಹತ್ತಿರ ಬಂದರು. ಬಾವ ತಮ್ಮ ಗ್ಲಾಸನ್ನು ಎತ್ತಿ ತೋರಿಸಿ, ಏನೋ ಹೇಳಿ ನಕ್ಕರು. ಆ ಮನುಷ್ಯ ಎರಡನ್ನೂ ತಾನೇ ಕುಡಿದು ಹೋದ.

ಶೆನಾಂ ಪೂರ್ತಿ ಖಾಲಿ. ಬಫಾತಿನ ಜೊತೆ ಅದೇ ಸರಿಹೋಯ್ತು ಅಂತ ಮುಂಬಯಿಯವರೇ ಕೇಳಿ ಕೇಳಿ ಹಾಕಿಸಿಕೊಂಡರು. ಶಿರಾಜ್ ಆರು ಬಾಟಲಿ, ನೊರೆ ವೈನ್ ಎರಡು ಉಳಿಯಿತು. ಒಂದೂ ಮನೆಗೆ ಬರಬಾರದು ಅಂತ ಅಕ್ಕ ಮೊದಲೇ ಹೇಳಿದ್ದರಿಂದ ಗಂಡಿನ ಕಡೆಯವರ ಗಾಡಿಗೆ ರಾತ್ರಿಯೇ ಹತ್ತಿಸಿದೆವು. ಜಗ್ಗಿನ ತಳದಲ್ಲಿ ಉಳಿದಿದ್ದ ಪುನರ್ಪುಳಿಯನ್ನು ನಾನು, ಬಾವ ಹಾಲ್‌ನ ಹಿಂದಿನ ಮೆಟ್ಟಿಲ ಮೇಲೆ ಕೂತು ಹಂಚಿಕೊಂಡೆವು. ಸೋಡಾದ ಗುಳ್ಳೆ ಹೋಗಿತ್ತು, ಸಕ್ಕರೆ ಸ್ವಲ್ಪ ಜಾಸ್ತಿಯೇ ಇತ್ತು.