ಮದರಾಸಿನ ದೊಡ್ಡಾಸ್ಪತ್ರೆ

ಮದರಾಸು ಎಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಕಡಲ ತೀರ, ಮೈಲಾಪುರದ ಗೋಪುರ, ತ್ಯಾಗರಾಯನಗರದ ಸೀರೆ ಅಂಗಡಿಗಳು. ಈ ನಗರಕ್ಕೆ 1996ರಲ್ಲಿ ಚೆನ್ನೈ ಎಂದು ಹೆಸರಾಯಿತು. ಆದರೂ ಹಳಬರ ಬಾಯಲ್ಲಿ ಅದು ಇಂದಿಗೂ ಮದರಾಸೇ. ನಮ್ಮ ಹಿರಿಯರಲ್ಲಿ ಅನೇಕರಿಗೆ ಇನ್ನೊಂದು ಮದರಾಸಿನ ಪರಿಚಯವೂ ಇತ್ತು. ಬಳ್ಳಾರಿ ಸೀಮೆಯು 1953ರ ವರೆಗೂ, ದಕ್ಷಿಣ ಕನ್ನಡ ಮತ್ತು ಕಾಸರಗೋಡು 1956ರ ನವೆಂಬರ್ 1ರ ವರೆಗೂ ಮದರಾಸು ಆಡಳಿತಕ್ಕೆ ಸೇರಿದ್ದವು. ಆ ಕಡೆಯ ಹುಡುಗ ಡಾಕ್ಟರಾಗಬೇಕೆಂದರೆ ಮದರಾಸಿನ ರೈಲು ಹತ್ತಬೇಕು. ಊರಿನ ವೈದ್ಯರು ಕೈಚೆಲ್ಲಿದ ಕಾಯಿಲೆಗೂ ಕಡೆಯ ಮಾತು ಅಲ್ಲಿಯದೇ. ಮೈಸೂರು ಸಂಸ್ಥಾನದವರಿಗೂ 1924ರಲ್ಲಿ ತಮ್ಮದೇ ವೈದ್ಯಕೀಯ ಕಾಲೇಜು ಹುಟ್ಟುವ ತನಕ ಪರಸ್ಥಳವೇ ಗತಿಯಾಗಿತ್ತು. ಆದ್ದರಿಂದ ಈ ಸಲ ಸಂಚಿಕೆಯ ಪ್ರವಾಸದ ಪುಟಗಳಲ್ಲಿ ದೇವಸ್ಥಾನವನ್ನೂ ಕಡಲನ್ನೂ ಬದಿಗಿಟ್ಟು, ವಾಚಕರನ್ನು ಆ ದೊಡ್ಡಾಸ್ಪತ್ರೆಯ ಕಡೆಗೆ ಕರೆದೊಯ್ಯೋಣವೆಂದು ಹೊರಟಿದ್ದೇವೆ.

ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದು ರಸ್ತೆಗೆ ಬಂದರೆ ಸಾಕು, ಎದುರಿಗೇ ಆಸ್ಪತ್ರೆ. 2011ರಿಂದ ಇದರ ಹೆಸರು ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ. ಬಸ್ಸಿನವರಿಗೂ ಆಟೋದವರಿಗೂ ಜೀ.ಎಚ್. ಎಂದರೆ ತಿಳಿಯುತ್ತದೆ. ಇದರ ಮೂಲ ಬಹಳ ಹಿಂದಿನದು. 1664ರ ನವೆಂಬರ್ 16ರಂದು ಸೇಂಟ್ ಜಾರ್ಜ್ ಕೋಟೆಯೊಳಗೆ, ಈಸ್ಟ್ ಇಂಡಿಯಾ ಕಂಪನಿಯ ಕಾಯಿಲೆಯ ಸಿಪಾಯಿಗಳಿಗಾಗಿ ಒಂದು ಸಣ್ಣ ಮನೆಯಲ್ಲಿ ಇದು ಆರಂಭವಾಯಿತು. ಈಗಿನ ಸ್ಥಳಕ್ಕೆ ಬಂದದ್ದು 1772ರಲ್ಲಿ. 1835ರ ಫೆಬ್ರವರಿ 2ರಂದು ಇದರ ಪಕ್ಕದಲ್ಲಿ ವೈದ್ಯಶಾಲೆಯೊಂದು ತೆರೆಯಿತು. 1850ರಲ್ಲಿ ಅದೇ ಮದರಾಸು ಮೆಡಿಕಲ್ ಕಾಲೇಜ್ ಆಯಿತು. ಮೊದಲು ಮದರಾಸು ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಈ ಕಾಲೇಜು ಈಗ ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಆಸ್ಪತ್ರೆಯ ಮುಂದೆ ಡಾ. ಎಸ್. ರಂಗಾಚಾರಿ ಅವರ ಪ್ರತಿಮೆ ನಿಂತಿದೆ. ರಾಜ್ಯಪಾಲರಿಗೂ ಮಂತ್ರಿಗಳಿಗೂ ಪ್ರತಿಮೆಗಳಾಗುವುದು ವಾಡಿಕೆ. ಶಸ್ತ್ರವೈದ್ಯನೊಬ್ಬನಿಗೆ ಊರಿನವರು ಇಂಥ ಗೌರವ ತೋರಿಸಿದ್ದು ಅಪರೂಪ. ದೂರದ ರೋಗಿಗಳನ್ನು ಬೇಗ ತಲುಪಲು ತಮ್ಮದೇ ಸಣ್ಣ ವಿಮಾನವನ್ನು ಇಟ್ಟುಕೊಂಡಿದ್ದ ಈ ಮಹಾನುಭಾವರು 1934ರಲ್ಲಿ ತೀರಿಕೊಂಡರು. ಒಳಗೆ ನಡೆದರೆ 1897ರ ಕೆಂಪು ಇಟ್ಟಿಗೆಯ ಕಟ್ಟಡ. ವಿದ್ಯಾರ್ಥಿಗಳ ಬಾಯಲ್ಲಿ ಅದು ಕೆಂಪುಕೋಟೆ. ಸತ್ತವರು ಬದುಕುವವರಿಗೆ ಪಾಠ ಹೇಳುವ ಅಂಗರಚನಾ ಶಾಸ್ತ್ರಕ್ಕೆ ಕಟ್ಟಿದ ಮನೆ ಅದು.

ಹೆಣ್ಣುಮಕ್ಕಳಿಗೆ ಈ ಬಾಗಿಲು ತೆರೆದದ್ದು 1875ರಲ್ಲಿ. ಮೇರಿ ಷಾರ್ಲೀಬ್ ಮತ್ತು ಇನ್ನೂ ಮೂವರು ಮಹಿಳೆಯರು ಆ ವರ್ಷ ಇಲ್ಲಿ ಸೇರಿದರು. ಇದೇ ಕಾಲೇಜಿನಿಂದ 1912ರಲ್ಲಿ ತೇರ್ಗಡೆಯಾಗಿ ಹೊರಬಂದ ಡಾ. ಮುತ್ತುಲಕ್ಷ್ಮಿ ರೆಡ್ಡಿ ಅವರು 1954ರಲ್ಲಿ ಅಡಯಾರಿನಲ್ಲಿ ಕ್ಯಾನ್ಸರ್ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ಕಡೆಯವರ ಹೆಸರೂ ಈ ನಗರದ ವೈದ್ಯರ ನಡುವೆ ಉಂಟು. ಹೆಸರಿನ ಮೊದಲಕ್ಷರದಲ್ಲೇ ಉಡುಪಿಯನ್ನು ಹೊತ್ತ ಡಾ. ಯು. ರಾಮರಾಯರು ಮದರಾಸಿನಲ್ಲಿ ವೈದ್ಯರಾಗಿ ಹೆಸರು ಮಾಡಿ, 1937ರಲ್ಲಿ ಅಲ್ಲಿಯ ವಿಧಾನ ಪರಿಷತ್ತಿನ ಅಧ್ಯಕ್ಷರಾದರು. ಮದರಾಸಿನಲ್ಲಿ ವೈದ್ಯ ಓದಿ ಊರಿಗೆ ಮರಳಿದ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದ ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನೇ ಕಟ್ಟಿದರು. ಮದರಾಸಿಗೆ ಹೋಗುತ್ತಿದ್ದ ರೈಲಿನ ಜನಸಂದಣಿ ಅಷ್ಟರ ಮಟ್ಟಿಗೆ ಕಡಿಮೆಯಾಯಿತು.

ಆಸ್ಪತ್ರೆಯಿಂದ ಹೆಚ್ಚು ದೂರವಿಲ್ಲದ ಎಗ್ಮೋರಿನಲ್ಲಿ ಇದೇ ಕಾಲೇಜಿಗೆ ಸೇರಿದ ಕಣ್ಣಿನ ಆಸ್ಪತ್ರೆಯಿದೆ. 1819ರಷ್ಟು ಹಳೆಯದು. ಇಲ್ಲಿ ಕೆಲಸ ಮಾಡಿದ ರಾಬರ್ಟ್ ಎಲಿಯಟ್ ಎಂಬ ವೈದ್ಯರು, ಕಣ್ಣಿನ ಒಳಗಿನ ಒತ್ತಡ ಏರಿ ದೃಷ್ಟಿ ಹೋಗುವ ಗ್ಲಾಕೋಮಾ ರೋಗಕ್ಕೆ, ಕಣ್ಣುಗುಡ್ಡೆಯ ಅಂಚಿನಲ್ಲಿ ಸೂಕ್ಷ್ಮವಾದ ರಂಧ್ರ ಕೊರೆದು ನೀರು ಹೊರಹೋಗುವಂತೆ ಮಾಡುವ ಶಸ್ತ್ರಕ್ರಿಯೆಯನ್ನು 1909ರ ಸುಮಾರಿಗೆ ರೂಪಿಸಿದರು. ಅದು ಲೋಕಕ್ಕೆಲ್ಲ ಹಬ್ಬಿತು. ಆಗ ಹಳ್ಳಿಗಳಲ್ಲಿ ತಿರುಗುವ ನಾಟಿವೈದ್ಯರು ಪೊರೆ ಬಂದ ಕಣ್ಣಿನ ಮಸೂರವನ್ನು ಸೂಜಿಯಿಂದ ಒಳಕ್ಕೆ ತಳ್ಳಿಬಿಡುತ್ತಿದ್ದರು. ರೋಗಿಗೆ ತಕ್ಷಣ ಬೆಳಕು ಕಾಣುತ್ತಿತ್ತು, ವೈದ್ಯ ದಕ್ಷಿಣೆ ಪಡೆದು ಮುಂದಿನ ಊರಿಗೆ ನಡೆಯುತ್ತಿದ್ದ. ಕಣ್ಣು ಕೆಡುತ್ತಿದ್ದುದು ಆಮೇಲೆ. ಎಲಿಯಟ್ಟರು ಹೀಗೆ ಕೆಟ್ಟ ಕಣ್ಣುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಬರೆದಿಟ್ಟು, 1917ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಮುಂದಿನ ಊರಿಗೆ ಹೋಗದೆ ಅಲ್ಲೇ ನಿಂತು, ತನ್ನ ಕೆಲಸದ ಫಲವೇನಾಯಿತೆಂದು ಎಣಿಸಿ ನೋಡುವುದು: ಸಂಶೋಧನೆ ಎಂಬ ದೊಡ್ಡ ಮಾತಿನ ತಿರುಳು ಇಷ್ಟೇ.

ಶಸ್ತ್ರವೈದ್ಯ ಹೇಗೆ ತಯಾರಾಗುತ್ತಾನೆ? ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಆಸ್ಪತ್ರೆಯ ಚಾಕರಿ, ಬಳಿಕ ಮೂರು ವರ್ಷ ಎಂ.ಎಸ್.; ಮೆದುಳು ಅಥವಾ ಹೃದಯದಂಥ ವಿಶೇಷ ವಿಭಾಗ ಬೇಕಾದರೆ ಮತ್ತೆ ಮೂರು ವರ್ಷ. ಕೈಗೆ ಬರುವ ವಿದ್ಯೆ ಬೇರೆ. ಮೊದಲು ದೂರ ನಿಂತು ನೋಡಬೇಕು. ಆಮೇಲೆ ಗಾಯದ ಅಂಚನ್ನು ಎಳೆದು ಹಿಡಿದು ಗಂಟೆಗಟ್ಟಲೆ ನಿಲ್ಲಬೇಕು. ಆಮೇಲೆ ಮೇಲಿನ ಚರ್ಮಕ್ಕೆ ಹೊಲಿಗೆ ಹಾಕಬೇಕು. ಆಮೇಲೆ ಹಿರಿಯರು ಎದುರಿಗೆ ನಿಂತಿರಲು ಚಾಕು ಹಿಡಿಯಬೇಕು. ಅಡಿಗೆಮನೆಯಲ್ಲಿ ಅತ್ತೆಯ ಕಣ್ಣೆದುರು ಒಲೆ ಹಿಡಿಯುವ ಹೊಸ ಸೊಸೆಯ ಪಾಡೇ ಇದು. ಹೊಸ ವಿಭಾಗಗಳೂ ಹೀಗೆಯೇ ಬೆಳೆಯುತ್ತವೆ. 1950ರಲ್ಲಿ ಡಾ. ಬಿ. ರಾಮಮೂರ್ತಿಯವರು ಈ ಜನರಲ್ ಆಸ್ಪತ್ರೆಯಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದರು. ಅವರ ಕೈಕೆಳಗೆ ಕಲಿತವರು ಮುಂದೆ ಇತರರಿಗೆ ಕಲಿಸಿದರು.

ಇಲ್ಲಿಯೇ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ: “ಹುಡುಗರು ನಮ್ಮ ಮೈಮೇಲೆ ಕೈ ಪಳಗಿಸಿಕೊಳ್ಳುವುದಾದರೆ ಅಲ್ಲಿಗೆ ಹೋಗುವುದೇಕೆ?” ಈ ಭಯವನ್ನು ನಗೆಯಾಡಿ ತಳ್ಳುವಂತಿಲ್ಲ. ಕಾಸಿದ್ದವರು ಬೇರೆ ಕಡೆ ಹೋಗುತ್ತಾರೆ, ಬಡವರ ಮೈಯಿಂದ ವಿದ್ಯೆ ಬೆಳೆಯುತ್ತದೆ; ಹಾಗೆ ಬೆಳೆದ ಕೈಯ ಪ್ರಯೋಜನ ಮಾತ್ರ ಎಲ್ಲರಿಗೂ. ನಾವು ಖಾಸಗಿ ಆಸ್ಪತ್ರೆಯಲ್ಲಿ ನೆಚ್ಚುವ ನುರಿತ ಡಾಕ್ಟರರ ಕೈಯೂ ಒಂದು ಕಾಲಕ್ಕೆ ಇಂಥ ವಾರ್ಡಿನಲ್ಲಿಯೇ ನಡುಗಿ, ಸ್ಥಿರವಾದದ್ದು. ಆ ಋಣ ಮರೆಯಬಾರದು. ಕಲಿಕೆಯ ಆಸ್ಪತ್ರೆಯಲ್ಲಿ ಒಂದು ಅನುಕೂಲವೂ ಇದೆ: ಹಾಸಿಗೆಯ ಬಳಿ ನಿಂತ ಹುಡುಗರು “ಇದೇಕೆ ಹೀಗೆ?” ಎಂದು ಕೇಳುತ್ತಿರುವಾಗ, ಹಿರಿಯರು ಕಾರಣ ಹೇಳಲೇಬೇಕಾಗುತ್ತದೆ.

ಇನ್ನು ಸ್ಪರ್‌ಟ್ಯಾಂಕ್ ರಸ್ತೆ ಹಿಡಿದು ಚೇತ್‌ಪಟ್ಟಿಗೆ ಹೋಗೋಣ. ಇಲ್ಲಿ ಯಾತ್ರಿಕರು ನೋಡುವಂಥ ಸೊಬಗೇನೂ ಇಲ್ಲ; ಆದರೆ ನಮ್ಮ ಅಜ್ಜಂದಿರ ಕಾಲದ ಅತಿ ದೊಡ್ಡ ಭಯವೊಂದರ ಕಥೆ ತಿರುಗಿದ್ದು ಇಲ್ಲಿ. ಕ್ಷಯವೆಂದರೆ ಮನೆಯಿಂದ ದೂರ, ಸ್ಯಾನಟೋರಿಯಮ್ಮಿನಲ್ಲಿ ತಿಂಗಳುಗಟ್ಟಲೆ ಮಲಗಬೇಕು, ಹಾಲು-ಮೊಟ್ಟೆ ತಿನ್ನಬೇಕು ಎಂಬುದು ಆಗಿನ ನಂಬಿಕೆ. ದೇಶದ ರೋಗಿಗಳೆಲ್ಲರಿಗೆ ಸಾಲುವಷ್ಟು ಹಾಸಿಗೆಗಳು ಎಲ್ಲಿದ್ದವು? 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಕೂಡಿ ಇಲ್ಲಿ ಕ್ಷಯ ಚಿಕಿತ್ಸಾ ಕೇಂದ್ರ ತೆರೆದವು, ಡಾ. ವಾಲೇಸ್ ಫಾಕ್ಸ್ ಮುಂದಾಳಾಗಿದ್ದರು. ನಗರದ ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿ, ಒಂದನ್ನು ಸ್ಯಾನಟೋರಿಯಮ್ಮಿಗೆ ಕಳುಹಿಸಿ, ಇನ್ನೊಂದನ್ನು ಮನೆಯಲ್ಲಿಯೇ ಉಳಿಸಿದರು. ಇಬ್ಬರಿಗೂ ಅದೇ ಔಷಧಗಳು, ಅದೇ ಒಂದು ವರ್ಷ. ಮನೆಯಲ್ಲಿದ್ದವರಿಗೆ ಇಕ್ಕಟ್ಟಾದ ಕೋಣೆ, ಬಡ ಊಟ, ದುಡಿಮೆ. ಅಲ್ಲಿದ್ದವರಿಗೆ ವಿಶ್ರಾಂತಿ, ಒಳ್ಳೆಯ ಆಹಾರ.

1959ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ಕೊನೆಗೆ ರೋಗಾಣು ಅಡಗಿದವರು ಸ್ಯಾನಟೋರಿಯಮ್ಮಿನಲ್ಲಿ ನೂರಕ್ಕೆ 92, ಮನೆಯಲ್ಲಿ ನೂರಕ್ಕೆ 86. ಎರಡರ ನಡುವಿನ ಅಂತರ ಅಷ್ಟೇ! ಮುಂದಿನ ವರ್ಷಗಳಲ್ಲಿ ಮನೆಯವರನ್ನೂ ನೋಡುತ್ತ ಬಂದಾಗ, ರೋಗಿ ಮನೆಯಲ್ಲಿದ್ದ ಮಾತ್ರಕ್ಕೆ ಹೆಂಡತಿ-ಮಕ್ಕಳಿಗೆ ರೋಗ ಹೆಚ್ಚಾಗಿ ತಗಲಿಲ್ಲವೆಂದೂ ತಿಳಿಯಿತು. ಮುಖ್ಯವಾದದ್ದು ಹಾಸಿಗೆಯಲ್ಲ, ಔಷಧವನ್ನು ತಪ್ಪದೆ ತೆಗೆದುಕೊಳ್ಳುವುದು. ಅದಕ್ಕೆಂದೇ ಈ ಕೇಂದ್ರದವರು ಎದುರಿಗೆ ನಿಂತು ಔಷಧ ಕೊಡುವ ಕ್ರಮವನ್ನೂ ಪರೀಕ್ಷಿಸಿದರು; 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೋಕಕ್ಕೆಲ್ಲ ಸಾರಿದ ಪದ್ಧತಿಯ ಬೇರು ಅಲ್ಲಿದೆ. ಈಗ ಇದು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ.

ಈ ಕಥೆಯ ಮುಂದಿನ ಅಧ್ಯಾಯ ಕನ್ನಡ ನಾಡಿನದು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಮದರಾಸಿನಲ್ಲಿ ಕಂಡದ್ದನ್ನು ಹಳ್ಳಿಗೆ ಮುಟ್ಟಿಸುವುದು ಹೇಗೆಂದು ಅವರು ತುಮಕೂರು ಜಿಲ್ಲೆಯ ಮನೆಮನೆಗಳಲ್ಲಿ ವಿಚಾರಿಸಿದರು. “ಹಳ್ಳಿಯವರು ಅಜ್ಞಾನಿಗಳು, ಆಸ್ಪತ್ರೆಗೆ ಬರುವುದಿಲ್ಲ” ಎಂಬ ಮಾತು ಸುಳ್ಳಾಯಿತು. ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ವೈದ್ಯರ ಬಾಗಿಲಿಗೆ ಹೋಗಿ ಬಂದಿದ್ದರು. ಅನೇಕರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಸೀಸೆ! 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಚೇತ್‌ಪಟ್ಟಿನ ಬಡವರೂ ತುಮಕೂರಿನ ರೈತರೂ ಕಲಿಸಿದ ಪಾಠವೇ ತಳಹದಿ.

ಹಾಗೆಂದು ಸಂಶೋಧನೆಗೆ ಕಣ್ಣುಮುಚ್ಚಿ ಮೈಯೊಡ್ಡಬೇಕೆಂದು ನಾವು ಹೇಳುವುದಿಲ್ಲ. ನಮ್ಮ ಪರಿಚಯದ ವೃದ್ಧರೊಬ್ಬರು, ಈ ನಗರದ ಒಂದು ಆಸ್ಪತ್ರೆಯಲ್ಲಿ (ಹೆಸರು ಇಲ್ಲಿ ಬೇಡ), ತಮಗೆ ಓದಲು ಬಾರದ ತಮಿಳು ಕಾಗದಕ್ಕೆ ರುಜು ಹಾಕಿ ಬಂದರು. ಅದು ಶಸ್ತ್ರಚಿಕಿತ್ಸೆಯ ಒಪ್ಪಿಗೆಯೋ ಸಂಶೋಧನೆಯದೋ ಅವರಿಗೆ ತಿಳಿಯದು. ನಾಲ್ಕು ದಿನ ನಿದ್ದೆಯಿಲ್ಲದೆ ಕಳೆದರು. ಕೇಳಿದರೆ, “ಡಾಕ್ಟರಿಗೆ ಬೇಸರವಾದೀತೆಂದು ಸುಮ್ಮನಾದೆ” ಎಂದರು.

ಪರಊರಿನಲ್ಲಿರುವ ನಮ್ಮವರು ಇದನ್ನು ನೆನಪಿಡಬೇಕು. 2019ರಲ್ಲಿ ಬಂದ ಹೊಸ ಔಷಧ ಮತ್ತು ಪ್ರಯೋಗಗಳ ನಿಯಮದ ಪ್ರಕಾರ, ಪ್ರಯೋಗದ ಉದ್ದೇಶ, ಅಪಾಯ, ಬೇರೆ ಚಿಕಿತ್ಸೆಯ ದಾರಿ, ಇವೆಲ್ಲವನ್ನೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಓದು ಬಾರದವರಾದರೆ ಆಸ್ಪತ್ರೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಇರಬೇಕು. ಒಪ್ಪದಿದ್ದರೂ, ನಡುವೆ ಬಿಟ್ಟರೂ ಎಂದಿನ ಚಿಕಿತ್ಸೆಗೆ ಕುಂದು ಬರಬಾರದು. ಪ್ರಯೋಗದಿಂದ ಹಾನಿಯಾದರೆ ಪರಿಹಾರವುಂಟು. ಔಷಧ ಪ್ರಯೋಗಗಳನ್ನು 2009ರಿಂದ ಸರ್ಕಾರದ ಪಟ್ಟಿಯಲ್ಲಿ ನೋಂದಾಯಿಸುವುದು ಕಡ್ಡಾಯ. ಅದನ್ನು ಯಾರು ಬೇಕಾದರೂ ನೋಡಬಹುದು. ರುಜು ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿದರೆ ಸಾಕು: “ಇದು ನನ್ನ ಚಿಕಿತ್ಸೆಗೋ, ನಿಮ್ಮ ಅಧ್ಯಯನಕ್ಕೋ? ಬೇಡವೆಂದರೆ ನನಗೇನು ಮಾಡುತ್ತೀರಿ?” ಒಳ್ಳೆಯ ಡಾಕ್ಟರರು ಇದಕ್ಕೆ ಬೇಸರಿಸುವುದಿಲ್ಲ.

ನಮ್ಮ ಸಂಘಗಳಲ್ಲಿ ತಮಿಳು, ಕನ್ನಡ, ಇಂಗ್ಲಿಷ್ ಮೂರನ್ನೂ ಬಲ್ಲವರಿಗೆ ಕೊರತೆಯಿಲ್ಲ. ಪಿಂಚಣಿ ಪಡೆದು ಬಿಡುವಾಗಿರುವವರೂ ಬೇಕಾದಷ್ಟು ಮಂದಿ. ಊರಿನಿಂದ ಚಿಕಿತ್ಸೆಗೆ ಬಂದ ಕುಟುಂಬವೊಂದಕ್ಕೆ ಅರ್ಧ ದಿನ ಜೊತೆಗಿದ್ದು, ಡಾಕ್ಟರರ ಮಾತನ್ನು ಕನ್ನಡದಲ್ಲಿಯೂ ರೋಗಿಯ ಮಾತನ್ನು ತಮಿಳಿನಲ್ಲಿಯೂ ಮುಟ್ಟಿಸಿದರೆ ಅದಕ್ಕಿಂತ ದೊಡ್ಡ ಸಂಘಸೇವೆ ಬೇಕೇ? ಮುಂದಿನ ಸಲ ಮದರಾಸಿಗೆ ಬಂದಾಗ ಕಡಲನ್ನು ನೋಡಿ, ಸೀರೆಯನ್ನೂ ಕೊಳ್ಳಿ. ರೈಲಿಗೆ ಹೊತ್ತಿದ್ದರೆ ರಸ್ತೆ ದಾಟಿ ರಂಗಾಚಾರಿಯವರ ಪ್ರತಿಮೆಯ ಬಳಿ ಎರಡು ನಿಮಿಷ ನಿಲ್ಲಿ. ಅಲ್ಲಿ ಪರಭಾಷೆಯ ನಡುವೆ ಚೀಟಿ ಹಿಡಿದು ದಿಕ್ಕು ತೋಚದೆ ನಿಂತವರು ಯಾರಾದರೂ ಕನ್ನಡದಲ್ಲಿ ಮಾತಾಡುತ್ತಿದ್ದರೆ, “ಯಾವ ಊರು?” ಎಂದು ಕೇಳಲು ಮರೆಯಬೇಡಿ.