ಹತ್ತು ರೂಪಾಯಿಯ ನಿಧಿ

ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ಬಂಗಾರಪೇಟೆಯಾಯಿತು. 2001ರಲ್ಲಿ ಪಕ್ಕದ ಚಿನ್ನದ ಗಣಿಯೂ ಮುಚ್ಚಿತು. ಆದರೂ ಮಣ್ಣಿನಲ್ಲಿ ಸಿಕ್ಕುವ ವಸ್ತುವೆಂದರೆ ಈ ಸೀಮೆಯವರಾದ ನಮ್ಮ ಕಿವಿ ನಿಮಿರುತ್ತದೆ. ಹಾಗೆಂದೇ 1878ರ ಭಾರತೀಯ ನಿಧಿ ಕಾಯಿದೆಯನ್ನು ಕುತೂಹಲದಿಂದ ಓದಿದೆ. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯಿದೆಯುಂಟು, ನಿಜ. ಕೇಂದ್ರದ್ದು ಮಾತ್ರ ಇನ್ನೂ ಅಳಿದಿಲ್ಲ. ನೆಲದಲ್ಲಿ ಹುದುಗಿದ್ದ, 10 ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ಬರೆದು ತಿಳಿಸಬೇಕು. ತಪ್ಪಿದರೆ ಒಂದು ವರ್ಷದವರೆಗೆ ಸೆರೆವಾಸ! ಅಂದು ಪಾಯ ಅಗೆಯುವ ಕೂಲಿಯವನಿಗೆ ರಾಣಿಯ ಮುದ್ರೆಯ ಒಂಬತ್ತು ಬೆಳ್ಳಿ ರೂಪಾಯಿ ಸಿಕ್ಕಿದ್ದರೂ ಚಿಂತೆಯಿರಲಿಲ್ಲ. ಇಂದು ಅದರಲ್ಲಿ ಒಂದೇ ಸಿಕ್ಕಲಿ, ತೊಲ ತೂಕದ ಆ ಬೆಳ್ಳಿಯ ಬೆಲೆ 10 ರೂಪಾಯಿಯನ್ನು ಎಂದೋ ದಾಟಿದೆ. ಆ ಮಿತಿ ಬದಲಾಗದೆಯೇ ಕಾಯಿದೆ ಬಡವನ ಕೊರಳಿಗೆ ಬಿಗಿಯಾಯಿತು. ಆ ಹತ್ತನ್ನು ತಿದ್ದಲು ಎಷ್ಟು ಶಾಯಿ ಬೇಕು, ಹೇಳಿ?